ಅಕ್ಕ ಕಂಪ್ಯೂಟರಿನ ಜೊತೆ ಮಾತಾಡಿದ ವರ್ಷ

ಅಕ್ಕನ ಮಗಳು ಹೋದಾಗ ಅವಳಿಗೆ ಇನ್ನೂ ಐದು ತುಂಬಿರಲಿಲ್ಲ. ಬೆಳಿಗ್ಗೆ ಮೈ ಬಿಸಿಯಿತ್ತು, ಮಧ್ಯಾಹ್ನದ ಹೊತ್ತಿಗೆ ಕಣ್ಣು ಮೇಲೆ ಸಿಕ್ಕಿಕೊಂಡಿತು. ಭಾವನ ಊರು ಮೂಗೂರಿನಿಂದ ನರಸೀಪುರದ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ವ್ಯಾನಿನಲ್ಲಿ ಕರೆದುಕೊಂಡು ಹೊರಟರು. ಮೈಸೂರು ಮುಟ್ಟುವಷ್ಟರಲ್ಲಿ ಅಕ್ಕನ ಮಡಿಲಲ್ಲೇ ಎಲ್ಲ ಮುಗಿದಿತ್ತು. ಮೆದುಳು ಜ್ವರ ಅಂದರು.

ಕಾರ್ಯವೆಲ್ಲ ಕಳೆದ ಮೇಲೆ ಭಾವ ಅಕ್ಕನನ್ನು ನಂಜನಗೂಡಿಗೆ, ನಮ್ಮ ಮನೆಗೆ ಕರೆದುಕೊಂಡು ಬಂದರು. ಒಳಗೆ ಬಂದು ಕೂರಲೂ ಇಲ್ಲ. ಬಾಗಿಲ ಹತ್ತಿರ ನಿಂತೇ ಅಮ್ಮನಿಗೆ ಹೇಳಿದರು: “ಒಂದ್ ನಾಕ್ ದಿನ ಇಲ್ಲೇ ಇರ್ಲಿ ಕಣತ್ತೆ. ಅಲ್ಲಿ ಎತ್ತಗೆ ನೋಡುದ್ರೂ ಆ ಮಗಿನ ಬಟ್ಟೆಬರೆನೇ ಕಾಣ್ತವೆ.” ನಾಲ್ಕು ದಿನ ಅಂದದ್ದು ವರ್ಷದ ಹತ್ತಿರವಾಯಿತು.

ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ನನಗಿನ್ನೂ ಮದುವೆಯಾಗಿರಲಿಲ್ಲ, ನರಸೀಪುರದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ದಿನಾ ಬೆಳಿಗ್ಗೆ ಹದಿನಾರು ಎಂಬ ಊರಿನ ಮೇಲೆ ಹೋಗುವ ಬಸ್ಸು ಹತ್ತಿ, ಸಂಜೆ ಅದರಲ್ಲೇ ವಾಪಸು ಬರುತ್ತಿದ್ದೆ.

ಅಕ್ಕನಿಗೆ ತಲೆ ಕೆಟ್ಟಿರಲಿಲ್ಲ. ಎದ್ದು ಮುಖ ತೊಳೆಯುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು, ನನ್ನ ಸೀರೆಗಳನ್ನು ನನಗಿಂತ ಚೆನ್ನಾಗಿ ಮಡಿಸಿಡುತ್ತಿದ್ದಳು. ಮಾತು ಮಾತ್ರ ನಿಂತುಹೋಗಿತ್ತು. ಏನು ಕೇಳಿದರೂ ಹೂಂ, ಇಲ್ಲದಿದ್ದರೆ ಊಹೂಂ. ಬೀದಿಯ ಹೆಂಗಸರು ಬಂದು ಪಕ್ಕದಲ್ಲಿ ಕೂರುವರು. “ಇನ್ನೂ ವಯಸ್ಸದೆ, ಇನ್ನೊಂದಾಗುತ್ತೆ ಬಿಡವ್ವ” ಎಂದು ಒಬ್ಬರು, “ಶಿವ ಕೊಟ್ಟಿದ್ದ, ಶಿವ ತಗೊಂಡ” ಎಂದು ಇನ್ನೊಬ್ಬರು. ಅಕ್ಕ ಅವರಿಗೆಲ್ಲ ಕಾಫಿ ಕೊಟ್ಟು ಕಳಿಸುತ್ತಿದ್ದಳು. ಅಮ್ಮ ನಡುಮನೆಯಲ್ಲಿದ್ದ ಮಗುವಿನ ಫೋಟೋ ತೆಗೆದು ಟ್ರಂಕಿನಲ್ಲಿಟ್ಟಳು. ಮಗುವಿನ ಹೆಸರನ್ನು ನಾವು ಯಾರೂ ಬಾಯಿಗೆ ತರುತ್ತಿರಲಿಲ್ಲ. ಅದು ಅಕ್ಕನ ಮೇಲಿನ ಕರುಣೆಯೆಂದೇ ತಿಳಿದಿದ್ದೆವು.

ನಮ್ಮ ಸ್ಕೂಲಿಗೆ ಅದಕ್ಕೆ ಸ್ವಲ್ಪ ಮುಂಚೆ ಒಂದು ಕಂಪ್ಯೂಟರ್ ಬಂದಿತ್ತು. ಯಾವುದೋ ಆಫೀಸಿನಲ್ಲಿ ಬಳಸಿ ಬಿಟ್ಟದ್ದು. ವಿಜ್ಞಾನದ ಕೋಣೆಯ ಮೂಲೆಯಲ್ಲಿ ಅದಕ್ಕೊಂದು ಮೇಜು ಹಾಕಿ, ಹೂವಿನ ಚಿತ್ರದ ಬಟ್ಟೆ ಹೊದಿಸಿ ಇಟ್ಟಿದ್ದರು. ಆ ಕೋಣೆಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕಾಗಿತ್ತು. ಮೈಸೂರಿನಲ್ಲಿ ಒಂದು ಟ್ರೈನಿಂಗಿಗೆ ಹೋಗಿಬಂದಿದ್ದೆನೆಂದು ಅದರ ಜವಾಬ್ದಾರಿ ನನ್ನ ಮೇಲೆ ಬಿತ್ತು. ಹೆಡ್‌ಮಾಸ್ಟರು ಬೀಗದ ಕೈ ಕೊಡುತ್ತಾ, “ಕೆಡಿಸಬೇಡಿ ಮೇಡಂ, ಅಷ್ಟು ಮಾಡಿ ಸಾಕು” ಅಂದಿದ್ದರು.

ಸಂಜೆ ಬಸ್ಸಿಗೆ ಹೊತ್ತಿರುತ್ತಿದ್ದ ದಿನ ಅದರ ಮುಂದೆ ಕೂತು ಪ್ರೋಗ್ರಾಮು ಬರೆಯುತ್ತಿದ್ದೆ. ಮಗ್ಗಿ ಹೇಳುವುದು, ಸರಾಸರಿ ತೆಗೆಯುವುದು, ಹೀಗೆ. ಒಂದು ಹಳೆಯ ಮ್ಯಾಗಜೀನಿನಲ್ಲಿ ಮಾತಾಡುವ ಪ್ರೋಗ್ರಾಮೊಂದರ ವಿವರ ಸಿಕ್ಕಿತು. ನಾವು ಟೈಪ್ ಮಾಡಿದ ವಾಕ್ಯದಲ್ಲಿ ಒಂದು ಪದ ಹಿಡಿದು, ಅದನ್ನೇ ತಿರುಗಿಸಿ ಪ್ರಶ್ನೆ ಕೇಳುವ ಚಮತ್ಕಾರ. ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ಕನ್ನಡಕ್ಕೆ ಒಗ್ಗಿಸಿದೆ. ಅಕ್ಷರ ಮಾತ್ರ ಇಂಗ್ಲಿಷಿನವು, ಮಾತು ಕನ್ನಡದ್ದು. ‘ಅಮ್ಮ’ ಎಂದು ಬಂದರೆ ‘ಅಮ್ಮನ ಬಗ್ಗೆ ಇನ್ನಷ್ಟು ಹೇಳಿ’ ಎನ್ನಬೇಕು. ‘ನನ್ನ’ ಎಂದು ಶುರುವಾದರೆ ‘ನಿಮ್ಮ’ ಎಂದು ಬದಲಿಸಿ ಅದೇ ವಾಕ್ಯವನ್ನು ವಾಪಸು ಹೇಳಬೇಕು. ‘ಅವಳು’ ಎಂದರೆ ‘ಅವಳು ಅಂದರೆ ಯಾರು?’ ಎನ್ನಬೇಕು. ಏನೂ ಸಿಗದಿದ್ದರೆ ‘ಮುಂದೆ ಹೇಳಿ.’ ಮಕ್ಕಳು ಒಂದು ವಾರ ಮುಗಿಬಿದ್ದು ಅದಕ್ಕೆ ಬೈಗುಳಗಳನ್ನೆಲ್ಲ ಹೊಡೆದು ನೋಡಿದರು. ಆಮೇಲೆ ಬೇಜಾರಾಗಿ ಬಿಟ್ಟರು.

ವಿಶ್ವ ಚಾಂಪಿಯನ್ನನೊಬ್ಬ ಚೆಸ್ಸಿನಲ್ಲಿ ಕಂಪ್ಯೂಟರಿಗೆ ಸೋತನೆಂದು ಪೇಪರಿನಲ್ಲಿ ಬಂದದ್ದು ಅದೇ ಬೇಸಿಗೆಯಲ್ಲಿ. ನಮ್ಮ ವಿಜ್ಞಾನದ ಮೇಷ್ಟ್ರು ಆ ಪೇಪರನ್ನು ರಜೆ ಮುಗಿದ ಮೊದಲ ದಿನವೇ ಸ್ಟಾಫ್‌ರೂಮಿಗೆ ತಂದು ಎಲ್ಲರಿಗೂ ಓದಿ ಹೇಳಿದರು. ರಿಟೈರಾಗಲು ಕೆಲವೇ ವರ್ಷವಿದ್ದ, ಹೊಸದೆಂದರೆ ಹುಡುಗರಂತೆ ಹಿಗ್ಗುವ ಮನುಷ್ಯ. “ಲೆಕ್ಕದಲ್ಲಿ ನಮ್ಮನ್ನ ಹಿಂದೆ ಹಾಕಿ ಆಯ್ತು, ಈಗ ಆಟದಲ್ಲೂ ಹಾಕ್ತು. ಮಾತಲ್ಲೂ ಹಾಕೋ ಕಾಲ ಬರುತ್ತೆ ನೋಡ್ತಿರಿ ಮೇಡಂ” ಅಂದರು. ನಾನು ನಕ್ಕೆ. ನನ್ನ ಮಾತಾಡುವ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತಲ್ಲ.

ಜೂನ್ ಮೊದಲ ವಾರ ಅಡ್ಮಿಶನ್ ಕೆಲಸಕ್ಕೆ ಸ್ಕೂಲಿಗೆ ಹೊರಟಾಗ ಅಮ್ಮ, “ಅವಳನ್ನೂ ಕರ್ಕೊಂಡು ಹೋಗೇ, ನಾಲ್ಕು ಗೋಡೆ ನೋಡ್ಕೊಂಡು ಎಷ್ಟು ದಿನ ಕೂತಿರ್ತಾಳೆ” ಅಂದಳು. ಅಕ್ಕ ಬೇಡವೆನ್ನಲಿಲ್ಲ. ಹೊರಗೆ ಜನವೋ ಜನ. ಅವಳನ್ನು ವಿಜ್ಞಾನದ ಕೋಣೆಯಲ್ಲಿ ಕೂರಿಸಿ, ಹೊತ್ತು ಹೋಗಲೆಂದು ಕಂಪ್ಯೂಟರ್ ಹಾಕಿ, ಆ ಪ್ರೋಗ್ರಾಮು ತೆರೆದುಕೊಟ್ಟೆ. ಅಕ್ಕ ಪಿಯುಸಿ ಓದಿದವಳು, ಓದಿನಲ್ಲಿ ನನಗಿಂತ ಚುರುಕು. ಒಂದೊಂದೇ ಬೆರಳಲ್ಲಿ ಅಕ್ಷರ ಹುಡುಕುತ್ತಾ ಕೂತಳು.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೋದಾಗ ಅವಳು ಅದೇ ಭಂಗಿಯಲ್ಲಿದ್ದಳು. ನಾನು ಬಂದದ್ದು ಗೊತ್ತಾಗಲಿಲ್ಲ. ಪರದೆಯ ಮೇಲಿದ್ದ ಕೊನೆಯ ಕೆಲವು ಸಾಲು ಕಂಡವು.

‘ಅವಳು ಮಲಗುವಾಗ ನನ್ನ ಕಿವಿ ಹಿಡಿದುಕೊಳ್ಳುತ್ತಾಳೆ.’

‘ಅವಳು ಅಂದರೆ ಯಾರು?’

‘ನನ್ನ ಮಗಳು.’

‘ನಿಮ್ಮ ಮಗಳು ಅಂದಿರಿ. ಅದರ ಬಗ್ಗೆ ಇನ್ನಷ್ಟು ಹೇಳಿ.’

‘ನನ್ನ ಮಗಳು ಸತ್ತಳು.’

‘ನಿಮ್ಮ ಮಗಳು ಸತ್ತಳು ಅಂದಿರಿ. ಅದರ ಬಗ್ಗೆ ಇನ್ನಷ್ಟು ಹೇಳಿ.’

ನಾನೇ ಬರೆದ ಸಾಲುಗಳು ಅವು. ಯಾವ ಮನುಷ್ಯರೂ ಅವಳಿಗೆ ಹೀಗೆ ಹೇಳಿರಲಾರರು. ಸ್ವಿಚ್ಚಿಗೆ ಕೈ ಹಾಕಲು ಹೋದೆ. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಇರ್ಲಿ ಬಿಡು” ಅಂದಳು. “ಎಲ್ಲರೂ ಹೋದ್ಲು, ಹೋದ್ಲು ಅಂತಾರೆ. ಸತ್ತಳು ಅಂತ ಇದೊಂದೇ ಅಂದಿದ್ದು.”

ಅಷ್ಟು ಉದ್ದದ ಮಾತನ್ನು ಅವಳ ಬಾಯಿಂದ ಕೇಳಿ ತಿಂಗಳುಗಳಾಗಿದ್ದವು. ನಾನು ಡಬ್ಬಿಯನ್ನು ಮೇಜಿನ ತುದಿಯಲ್ಲಿಟ್ಟು ಹೊರಗೆ ಬಂದೆ.

ಅಲ್ಲಿಂದಾಚೆ ಶನಿವಾರ ಅರ್ಧ ದಿನದ ಸ್ಕೂಲು ಮುಗಿಯುವ ಹೊತ್ತಿಗೆ ಅವಳೇ ಬಸ್ಸು ಹತ್ತಿ ಬರುತ್ತಿದ್ದಳು. ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು, ನೆಂಟರ ಮನೆಗೆ ಹೊರಟವಳ ಹಾಗೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂರುವಳು. ನಾನು ಪಕ್ಕದ ಕೋಣೆಯಲ್ಲಿ ಪೇಪರ್ ತಿದ್ದುವೆನು. ಗೋಡೆಯಾಚೆಯಿಂದ ಟಕ್ ಟಕ್ ಎಂದು ಕೇಳುತ್ತಿರುತ್ತಿತ್ತು, ಮೊದಮೊದಲು ತಡೆದು ತಡೆದು, ಬರಬರುತ್ತಾ ಸರಾಗವಾಗಿ.

ಒಂದು ಸಲ ನಡುವೆಯೇ ಕರೆಂಟು ಹೋಯಿತು. ಓಡಿ ಹೋಗಿ ನೋಡಿದರೆ ಅಕ್ಕ ಕಪ್ಪು ಪರದೆಯ ಮುಂದೆ ಕೈಕಟ್ಟಿ ಕೂತಿದ್ದಾಳೆ. ಕರೆಂಟು ಬಂದ ಮೇಲೆ ಫ್ಲಾಪಿ ಹಾಕಿ ಮತ್ತೆ ಶುರು ಮಾಡಿಕೊಟ್ಟೆ. ‘ನಮಸ್ಕಾರ. ಏನು ಸಮಾಚಾರ?’ ಎಂದು ಹೊಸಬರನ್ನು ಕೇಳುವಂತೆ ಕೇಳಿತು.

“ಹಿಂದೆ ಹೇಳಿದ್ದೆಲ್ಲ ಹೋಯ್ತಾ?” ಎಂದಳು ಅಕ್ಕ.

“ಅದು ಯಾವಾಗಲೂ ಹೋಗೇ ಹೋಗುತ್ತೆ ಅಕ್ಕ. ಆರಿಸಿದ ತಕ್ಷಣ ಹೋಗುತ್ತೆ. ಏನನ್ನೂ ಇಟ್ಟುಕೊಳ್ಳಲ್ಲ.”

ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡೆ. ಅವಳ ಮುಖದಲ್ಲಿ ನಗು ಎನ್ನಬಹುದಾದದ್ದೇನೋ ಸುಳಿಯಿತು. “ಒಳ್ಳೇದೇ ಆಯ್ತು. ಹಂಗಾದ್ರೆ ಹುಟ್ಟಿದಾಗಿನಿಂದ ಮತ್ತೆ ಹೇಳ್ತೀನಿ” ಅಂದಳು.

ನಾನು ಆಗ ಬಾಗಿಲು ಮುಂದೆ ಮಾಡಿಕೊಂಡು ಬಂದೆ. ಹೆರಿಗೆಗೆ ಅವಳು ನಮ್ಮ ಮನೆಗೇ ಬಂದಿದ್ದಳು. ಆ ಮಗುವನ್ನು ಮೊದಲು ಎತ್ತಿಕೊಂಡವರಲ್ಲಿ ನಾನೊಬ್ಬಳು. ನನಗೂ ಗೊತ್ತಿದ್ದ ಕಥೆಯನ್ನು ಅವಳು ಅದಕ್ಕೆ ಹೇಳುತ್ತಿದ್ದಳು.

ಆ ಶನಿವಾರಗಳಲ್ಲಿ ಅಕ್ಕ ಸ್ವಲ್ಪ ಚೇತರಿಸಿಕೊಂಡಳು. ಬಸ್ಸಿನಲ್ಲಿ ಕಿಟಕಿಯಾಚೆ ನೋಡಿ “ಈ ಸಲ ಭತ್ತ ಚೆನ್ನಾಗದೆ” ಎನ್ನುವಷ್ಟು. ಎರಡು ತುತ್ತು ಹೆಚ್ಚು ಉಣ್ಣುವಷ್ಟು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದರ ಜೊತೆಯಲ್ಲೇ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ವಿಜ್ಞಾನದ ಮೇಷ್ಟ್ರಿಗೆ ಒಂದು ಶನಿವಾರ ಅದನ್ನು ಹೇಳಿಕೊಂಡೆ. “ಅದಕ್ಕೆ ಒಂದು ಅಕ್ಷರಾನೂ ಅರ್ಥ ಆಗಲ್ಲ ಸಾರ್. ನಾನೇ ಬರೆದಿರೋದು. ಬರೀ ಪದ ತಿರುಗಿಸುತ್ತೆ.”

ಅವರು ಅಂದು ಹಿಗ್ಗಲಿಲ್ಲ. “ಅದನ್ನ ನಿಮ್ಮಕ್ಕನಿಗೆ ಹೇಳಿದ್ದೀರಾ?” ಎಂದು ಕೇಳಿದರು.

ಆ ದಿನ ಬಸ್ಸಿಗೆ ಹೊತ್ತಿತ್ತು. ಅಕ್ಕನನ್ನು ಕರೆದುಕೊಂಡು ಹೊಳೆಯ ಕಡೆ ಹೋದೆ. ಕಪಿಲೆ ಬಂದು ಕಾವೇರಿಗೆ ಸೇರುವ ಜಾಗದಲ್ಲಿ ಮೆಟ್ಟಿಲ ಮೇಲೆ ಕೂತೆವು. ಪ್ರೋಗ್ರಾಮು ಹೇಗೆ ನಡೆಯುತ್ತದೆಂದು ವಿವರಿಸಿದೆ. ಯಾವ ಪದಕ್ಕೆ ಯಾವ ಉತ್ತರ, ಏನೂ ತಿಳಿಯದಿದ್ದಾಗ ಏನೆನ್ನುತ್ತದೆ, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

“ಗೊತ್ತು ಕಣೇ. ನನ್ನೇನು ಪೆದ್ದಿ ಅನ್ಕೊಂಡಿದೀಯ?” ಅಂದಳು. “ಅದು ಅಳಲ್ಲ. ಅದಕ್ಕೇ ಹೋಗ್ತೀನಿ. ನಿಮ್ಮ ಹತ್ರ ಹೇಳಿದ್ರೆ ನೀವು ಅಳ್ತೀರ. ಆಮೇಲೆ ನಾನೇ ನಿಮಗೆ ಸಮಾಧಾನ ಮಾಡ್ಬೇಕು. ಅಷ್ಟು ಶಕ್ತಿ ನಂಗಿಲ್ಲ.”

“ನನ್ನ ಹತ್ರ ಹೇಳು. ನಾನು ಅಳಲ್ಲ.”

ಅವಳು ನನ್ನ ಮುಖ ನೋಡಿದಳು. ನೀರಿನ ಕಡೆ ತಿರುಗಿ ಶುರು ಮಾಡಿದಳು. ಆ ದಿನ ಬೆಳಿಗ್ಗೆ ಮಗು ಹಾಸಿಗೆಯಿಂದ ಏಳುವುದಿಲ್ಲವೆಂದು ಹಟ ಮಾಡಿದ್ದು, ಕಿವಿ ಬಿಡದೆ ಹಿಡಿದುಕೊಂಡದ್ದು, ಆ ಬೆರಳು ಬಿಸಿಯಿದ್ದದ್ದು, ಒಲೆಯ ಮೇಲೆ ಹಾಲಿತ್ತೆಂದು ತಾನು ಬೆರಳು ಬಿಡಿಸಿಕೊಂಡು ಎದ್ದು ಹೋದದ್ದು. ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ. ಅಕ್ಕ ಮಾತು ನಿಲ್ಲಿಸಿ ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದಳು. “ಸುಮ್ನಿರು, ಸುಮ್ನಿರು. ಬಸ್ಸಿಗೆ ಹೊತ್ತಾಯ್ತು” ಅಂದಳು. ಆ ಕಥೆಯ ಉಳಿದರ್ಧ ನನಗೆ ಯಾವತ್ತೂ ಸಿಗಲಿಲ್ಲ.

ಅಕ್ಕ ಮಿಷನ್ನಿನ ಜೊತೆ ಮಾತಾಡುತ್ತಾಳೆಂಬ ಸುದ್ದಿ ಬೀದಿಯಲ್ಲಿ ಹಬ್ಬಿ ಅಮ್ಮನ ಕಿವಿಗೂ ಬಿತ್ತು. ಅಮ್ಮ ಹೆದರಿದಳು. ಮೂಗೂರಿಗೆ ಹೇಳಿ ಕಳಿಸಿದಳು. ಮುಂದಿನ ಶನಿವಾರ ಭಾವ ನೇರವಾಗಿ ಸ್ಕೂಲಿಗೇ ಬಂದರು. ಗದ್ದೆಯಿಂದ ಹಾಗೇ ಹೊರಟು ಬಂದಿದ್ದಿರಬೇಕು, ಪಂಚೆಯ ಅಂಚಿಗೆಲ್ಲ ಕೆಸರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ಕೊಳೆಯಿದೆಯೆಂದು ಒಳಗೆ ಬರಲು ಹಿಂಜರಿದರು. ಅಕ್ಕ ಅವರನ್ನು ನೋಡಿ ಎದ್ದಳು. “ನೀರು ತರ್ತೀನಿ” ಎಂದು ಹೊರಗೆ ಹೋದಳು.

ಭಾವ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನೋಡಿದರು. ಬೈಯುತ್ತಾರೆಂದು ನಾನು ಕಾದೆ.

“ಇದೇನಾ?” ಅಂದರು. “ನಾ ಏನಾರ ಯೋಳುದ್ರೂ ಕೇಳ್ಕತದಾ?”

“ಕೇಳುತ್ತೆ ಭಾವ. ಇಂಗ್ಲಿಷ್ ಅಕ್ಷರದಲ್ಲಿ ಹೊಡೀಬೇಕು. ನೀವು ಹೇಳಿ, ನಾನು ಹೊಡೀತೀನಿ.”

ಅವರು ಸ್ಟೂಲಿನ ತುದಿಯಲ್ಲಿ ಕೂತರು. ಕೈ ಎರಡನ್ನೂ ಮಂಡಿಯ ಮೇಲಿಟ್ಟುಕೊಂಡು, ಡಾಕ್ಟರ ಮುಂದೆ ಕೂತವರ ಹಾಗೆ. “ಅವತ್ತು ನಾನು ಗದ್ದೆಗೆ ನೀರು ಕಟ್ಟಕ್ಕೆ ಓಗಿದ್ದೆ” ಅಂದರು. ಹೊಡೆದೆ. “ಮಗಿನ ಮೈ ಬಿಸಿ ಅದೆ ಅಂತ ಅವ್ಳು ಯೋಳುದ್ಲು. ಮಕ್ಕಳಿಗೆ ಬತ್ತದೆ, ಓಯ್ತದೆ ಅಂದ್ಬುಟ್ಟು ಓದೆ.” ಅದನ್ನೂ ಅವರು ಆಡಿದ ಹಾಗೇ ಹೊಡೆದೆ. ‘ಅವ್ಳು’ ಎಂದರೆ ‘ಅವಳು’ ಎಂದು ಅದಕ್ಕೆ ಗೊತ್ತಿಲ್ಲ, ಆ ವಾಕ್ಯದಲ್ಲಿ ಪ್ರೋಗ್ರಾಮಿಗೆ ತಿಳಿಯುವ ಪದ ಒಂದೂ ಇರಲಿಲ್ಲ.

“ಏನಂತದೆ?”

“ಮುಂದೆ ಹೇಳಿ ಅಂತಿದೆ ಭಾವ.”

“ಮುಂದೇನದೆ” ಎಂದರು ಅವರು. “ಅಷ್ಟೆಯ.” ಕೆಸರಾದ ಕೈಯಿಂದ ಮುಖ ಮುಚ್ಚಿಕೊಂಡರು. ಆ ಮನುಷ್ಯ ಮಗುವನ್ನು ಮಣ್ಣು ಮಾಡುವಾಗಲೂ ಜನರೆದುರು ಅತ್ತಿರಲಿಲ್ಲ.

ಅಕ್ಕ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಒಂದೇ ಮನೆಯವರಾಗಿದ್ದು, ಒಂದೇ ಮಗುವನ್ನು ಕಳೆದುಕೊಂಡು, ಆ ಬೆಳಿಗ್ಗೆಯ ಮಾತನ್ನು ಅವರಿಬ್ಬರೂ ಒಬ್ಬರಿಗೊಬ್ಬರು ಆಡಿರಲಿಲ್ಲವೆಂದು ನನಗೆ ಗೊತ್ತಾದದ್ದು ಆಗ. ಈಗ ಆಡುತ್ತಾರೆ, ಅವಳು ಹೋಗಿ ಅವರ ಹೆಗಲ ಮೇಲೆ ಕೈಯಿಡುತ್ತಾಳೆ ಎಂದು ಕಾದೆ. ಅಕ್ಕ ಬಂದು ಲೋಟವನ್ನು ಮೇಜಿನ ಮೇಲಿಟ್ಟಳು. “ನೀರು ಕುಡೀರಿ” ಅಂದಳು. “ನಾಳೆ ಬತ್ತೀನಿ ಊರಿಗೆ.”

ಮರುದಿನ ಹೋದಳು. ಮೂಗೂರಿನಿಂದ ನರಸೀಪುರ ಹತ್ತಿರವೇ, ಹಾಗಾಗಿ ಶನಿವಾರ ಒಂದಿಷ್ಟು ಸಲ ಬಂದಳು. ದೀಪಾವಳಿಗೆ ಮುಂಚೆ ಸಿಡಿಲು ಮಳೆಯೊಂದರಲ್ಲಿ ಕಂಪ್ಯೂಟರ್ ಸುಟ್ಟುಹೋಯಿತು. ರಿಪೇರಿಗೆ ದುಡ್ಡು ಮಂಜೂರಾಗಲಿಲ್ಲ. ಅದನ್ನು ಅವಳಿಗೆ ಹೇಳಿದಾಗ, “ಹೋಯ್ತಾ” ಎಂದಳು, ಬಸ್ ಸ್ಟ್ಯಾಂಡಿನಿಂದಲೇ ಊರಿಗೆ ತಿರುಗಿದಳು.

ಇನ್ನೊಂದು ಮಗುವಾಗಲಿಲ್ಲ. ಅಕ್ಕ ಸಂಸಾರ ಮಾಡಿದಳು, ಹಸು ಕಟ್ಟಿದಳು, ನನ್ನ ಮದುವೆಗೆ ಬಂದು ಎಲ್ಲ ಕೆಲಸ ಹೊತ್ತಳು. ಮಾತು ಮೊದಲಿನಷ್ಟೇ, ಹೂಂ ಮತ್ತು ಊಹೂಂ.

ಮದುವೆಯಾದ ಮೇಲೂ ಅಮ್ಮ ನನ್ನ ಜೊತೆಯಲ್ಲೇ ಇದ್ದಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಮನೆಗೇ ಒಂದು ಕಂಪ್ಯೂಟರ್ ತಂದೆವು. ನನಗೆ ಮೊದಲು ಹೊಳೆದದ್ದು ಅಕ್ಕ. ಆ ಪ್ರೋಗ್ರಾಮನ್ನು ಹೊಸದಾಗಿ, ಇನ್ನೂ ಜಾಣತನದಿಂದ ಬರೆದೆ. ಕನ್ನಡ ಅಕ್ಷರವೇ ಬರುವಂತೆ ಮಾಡಿದೆ. ಸಾವು, ನೋವು, ಅಳು ಎಂಬ ಪದ ಬಂದರೆ ಸಮಾಧಾನ ಹೇಳುವಂತೆ ಕಲಿಸಿದೆ. ಸಂಕ್ರಾಂತಿಗೆ ಅವಳು ಬಂದಾಗ ಕೂರಿಸಿ ತೋರಿಸಿದೆ. ಅಕ್ಕ ಒಂದು ಸಾಲು ಹೊಡೆದಳು. ‘ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ’ ಎಂದಿತು ಅದು.

ಅಕ್ಕ ಕುರ್ಚಿ ಹಿಂದೆ ಸರಿಸಿ ಎದ್ದಳು. “ಇದು ಸುಳ್ಳು ಹೇಳುತ್ತೆ ಕಣೇ. ಹಳೇದು ಹಿಂಗಂತಿರ್ಲಿಲ್ಲ” ಅಂದಳು. ಅಡಿಗೆಮನೆಗೆ ಹೋಗಿ ಅಮ್ಮನ ಜೊತೆ ಅವರೆಕಾಯಿ ಬಿಡಿಸತೊಡಗಿದಳು. ನಾನು ಎಷ್ಟೋ ಸಂಜೆ ಕೂತು ಬರೆದದ್ದನ್ನು ಅಂದೇ ಅಳಿಸಿದೆ.

ರಿಟೈರಾದ ವಿಜ್ಞಾನದ ಮೇಷ್ಟ್ರು ಒಮ್ಮೆ ನಂಜನಗೂಡಿನ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕರು. ಅಷ್ಟು ಹೊತ್ತಿಗೆ ಎಲ್ಲರ ಜೇಬಿನಲ್ಲೂ ಫೋನು ಬಂದಿತ್ತು. “ನಾನು ಹೇಳಿರಲಿಲ್ವಾ ಮೇಡಂ, ಇವು ನಮ್ಮನ್ನ ಬಿಟ್ಟು ಮುಂದೆ ಹೋಗ್ತವೆ” ಅಂದರು, ಅದೇ ಹಳೆಯ ಹಿಗ್ಗಿನಲ್ಲಿ. ಹೋಗಬಹುದು ಸಾರ್, ಅಂದೆ. ನನಗೆ ನೆನಪಾಗುತ್ತಿದ್ದದ್ದು ಬೇರೆ. ಆ ಸುಟ್ಟುಹೋದ ಡಬ್ಬ ಯಾರನ್ನೂ ಹಿಂದೆ ಹಾಕುವಂಥದ್ದಾಗಿರಲಿಲ್ಲ, ಅದಕ್ಕೆ ಎರಡನೇ ಕ್ಲಾಸಿನ ಮಗುವಿನಷ್ಟೂ ಬುದ್ಧಿಯಿರಲಿಲ್ಲ. ಆದರೂ ಅಕ್ಕನ ಪಕ್ಕದಲ್ಲಿ ಕೂರುವ ಕೆಲಸದಲ್ಲಿ ಅಮ್ಮ, ನಾನು, ಭಾವ, ಇಡೀ ಬೀದಿ ಅದಕ್ಕೆ ಸೋತಿದ್ದೆವು. ಮುಂದೆ ಬರುವ ಜಾಣ ಯಂತ್ರಗಳ ಮಾತು ಬಂದಾಗಲೆಲ್ಲ ನನಗೆ ಆ ದಡ್ಡ ಯಂತ್ರದ ಮುಂದೆ ನಾವು ಸೋತದ್ದೇ ಕಣ್ಣಿಗೆ ಕಟ್ಟುತ್ತದೆ.

ಅಕ್ಕ ಐವತ್ತು ತುಂಬುವ ಮುಂಚೆಯೇ ಹೋದಳು. ಸತ್ತಳು. ಹೊಟ್ಟೆಯಲ್ಲಿ ಗಡ್ಡೆ, ತಿಳಿಯುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಇದ್ದೆ. ಅವಳು ಹೆಚ್ಚು ಮಾತಾಡಲಿಲ್ಲ. ಮಾತಾಡಿದ್ದೆಲ್ಲ ಹಸುವಿನ ಬಗ್ಗೆ, ಭಾವನ ಊಟದ ಬಗ್ಗೆ.

ತಿಥಿಯ ಮರುದಿನ ಮೂಗೂರಿನಿಂದ ಹೊರಡುವಾಗ ಭಾವ ಬಸ್ಸಿನವರೆಗೆ ಬಂದರು. ಅರಳಿಕಟ್ಟೆಯ ಮೇಲೆ ಕೂತೆವು. ತಲೆ ಬೋಳಿಸಿದ್ದರು, ಮುಖ ಚಿಕ್ಕದಾಗಿ ಕಾಣುತ್ತಿತ್ತು. ಬಸ್ಸು ಬರುವ ದಾರಿಯ ಕಡೆ ನೋಡುತ್ತಾ ಕೇಳಿದರು.

“ಅವ್ವಾ, ನಿಮ್ ಇಸ್ಕೂಲಲ್ಲಿ ಒಂದು ಮಿಷನ್ ಇತ್ತಲ್ಲ. ಅವ್ಳು ಮಾತಾಡ್ತಿದ್ದದ್ದು. ಅದು ಈಗ ಎಲ್ಲದೆ?”

“ಗುಜರಿಗೆ ಹಾಕಿದ್ರು ಭಾವ. ಆಗಲೇ ವರ್ಷಗಳಾಯ್ತು.”

“ಅವ್ಳು ಯೋಳಿದ್ದು ಅದ್ರೊಳಗೆ ಉಳ್ಕಂಡಿರಲ್ವಾ? ಒಂದೀಟಾದ್ರೂ?”

“ಇಲ್ಲ ಭಾವ. ಸ್ವಿಚ್ ಆರಿಸಿದ್ರೆ ಎಲ್ಲ ಹೋಗ್ತಿತ್ತು.”

ಅವರು ತಲೆಯಾಡಿಸಿದರು. ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. “ನನ್ ಮ್ಯಾಲೆ ಏನಾರ ಯೋಳಿದ್ಲಾ ಅಂತ” ಅಂದರು. “ನಾ ಅವತ್ತು ಗದ್ದೆಗೆ ಓದೆ ಅಂತ ಅವ್ಳಿಗೆ ಮನಸ್ನಲ್ಲಿ ಇತ್ತಾ, ಇಲ್ವಾ. ಇಷ್ಟು ವರ್ಸದಲ್ಲಿ ಕೇಳಕ್ಕಾಗ್ನಿಲ್ಲ.”

ಇರಲಿಲ್ಲ ಭಾವ ಎಂದು ಹೇಳಬಹುದಾಗಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಕುರ್ಚಿ ಸರಿಸಿ ಎದ್ದು ಹೋದದ್ದು ನೆನಪಾಯಿತು.

“ನನಗೆ ಗೊತ್ತಿಲ್ಲ ಭಾವ” ಅಂದೆ. “ನನಗೂ ಅವಳು ಹೇಳಲಿಲ್ಲ.”

ಬಸ್ಸು ಬಂತು. ಭಾವ ನನ್ನ ಬ್ಯಾಗನ್ನು ಎತ್ತಿ ಒಳಗಿಟ್ಟು, ಕಂಡಕ್ಟರಿಗೆ “ನರಸೀಪುರದಲ್ಲಿ ಇಳಿಸಪ್ಪ” ಎಂದು ಹೇಳಿದರು. ಹಿಂದಿನ ಕಿಟಕಿಯಿಂದ ನೋಡಿದೆ. ಅವರು ಮನೆಯ ಕಡೆ ಹೊರಟಿರಲಿಲ್ಲ, ಕಟ್ಟೆಯ ಮೇಲೆ ಮತ್ತೆ ಕೂತುಕೊಳ್ಳುತ್ತಿದ್ದರು.